ಹುಡುಗನ ಫೋಟೋ ಕಳಿಸಿ

ಕೈಯಲ್ಲಿ ಕ್ಯಾಮೆರಾ ಹಿಡಿದವರ ಸುತ್ತ ಏನಾದರೊಂದು ಎಡವಟ್ಟು ಆಗದೆ ಒಂದು ಭಾನುವಾರವೂ ಮುಗಿಯುವುದಿಲ್ಲ. ನಾವು ನಾಲ್ಕು ಜನ ಸೇರಿದರಂತೂ ಎಡವಟ್ಟು ನಮಗಿಂತ ಮೊದಲೇ ಬಂದು ಕುರ್ಚಿ ಹಿಡಿದು ಕೂತಿರುತ್ತದೆ.

ನಾಲ್ಕು ಜನ ಎಂದೆ. ಯಾರು ಯಾರು ಎಂದು ಈಗಲೇ ಹೇಳಿಬಿಡುತ್ತೇನೆ. ಬರೆಯುವುದು ನನಗೆ ಹೊಸದು, ಆಮೇಲೆ ಮರೆತು ನಿಮ್ಮನ್ನು ಗೊಂದಲಕ್ಕೆ ಕೆಡವಬಾರದು. ಒಬ್ಬರು ಟೀಚರ್. ನಿವೃತ್ತರು, ಹಲಸೂರಿನವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಇನ್ನೊಬ್ಬರು ಸಾಹೇಬರು. ಶಿವಾಜಿನಗರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾರೆ. ಬಿಳಿ ಗಡ್ಡ, ಮನೆ ತುಂಬ ಮೊಮ್ಮಕ್ಕಳು. ಮೂರನೆಯವನು ಕ್ಯಾಬ್ ಓಡಿಸುವ ಹುಡುಗ. ಹುಡುಗ ಎಂದರೆ ಚಿಕ್ಕವನೇನಲ್ಲ, ಮೂವತ್ತು ದಾಟಿದೆ. ಮದುವೆ ಆಗುವವರೆಗೆ ನಮ್ಮ ಕಡೆ ಎಲ್ಲರೂ ಹುಡುಗರೇ. ನಾಲ್ಕನೆಯವಳು ನಾನು. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಾನೂ ಆ ಹುಡುಗನೂ ಕಲಬುರಗಿ ಕಡೆಯವರು, ಈಗ ರಾಮಮೂರ್ತಿ ನಗರದಲ್ಲಿ ಒಂದೇ ಬೀದಿಯಲ್ಲಿ ಬಾಡಿಗೆಗಿದ್ದೇವೆ. ಹಾಗಾಗಿ ಅವನಿಗೆ ನಾನು ಅಕ್ಕ.

ಹೇಗನಿಸ್ತು?

ನಮ್ಮ ಗುಂಪಿಗೆ ಹೆಸರಿಲ್ಲ. ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ಹತ್ತಿರದ ಒಂದು ಚಿಕ್ಕ ಹೋಟೆಲಿನ ಮಹಡಿಯಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ಆ ವಾರ ತೆಗೆದ ಒಂದು ಫೋಟೋ ತೋರಿಸಬೇಕು. ತೋರಿಸಿ ಸುಮ್ಮನಾಗುವ ಹಾಗಿಲ್ಲ. ಅದರ ಹಿಂದಿನ ಕಥೆ ಹೇಳಬೇಕು, ತೆಗೆಯುವಾಗ ಮನಸ್ಸಿಗೆ ಹೇಗನಿಸಿತು ಎನ್ನುವುದನ್ನೂ ಹೇಳಬೇಕು. ಈ ನಿಯಮ ಮಾಡಿದವರು ಟೀಚರ್. ಅಷ್ಟು ವರ್ಷ ಮಕ್ಕಳಿಂದ ಪಾಠ ಒಪ್ಪಿಸಿಕೊಂಡವರು, ಈಗ ನಾವು ಸಿಕ್ಕಿದ್ದೇವೆ.

ಟೀಚರ್ ಹಳೇ ಮನೆಗಳ ಬಾಗಿಲು ತೆಗೆಯುತ್ತಾರೆ. ಬಾಗಿಲು ತೆಗೆಯುತ್ತಾರೆ ಎಂದರೆ ಬಾಗಿಲಿನ ಫೋಟೋ ತೆಗೆಯುತ್ತಾರೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ. ನಾನು ಕಂಪನಿ ಬಸ್ಸಿನ ಕಿಟಕಿಯಿಂದ ಮೋಡ ತೆಗೆಯುತ್ತೇನೆ; ಪ್ರತಿ ಮೋಡದ ನಡುವೆ ಒಂದು ಮೆಟ್ರೋ ಕಂಬ ಬಂದಿರುತ್ತದೆ. ಸಾಹೇಬರು ರಸ್ತೆಯಲ್ಲಿ ಹೋಗುವವರ ಕಾಲರ್‌ಗಳನ್ನು ಹಿಂದಿನಿಂದ ತೆಗೆಯುತ್ತಾರೆ. ಒಂದು ಸಲ ಬಸ್ ನಿಲ್ದಾಣದಲ್ಲಿ ಕಂಡ ಬಣ್ಣ ಮಾಸಿದ ಕಾಲರ್ ತೋರಿಸಿ, "ಇದು ನಾನೇ ಹೊಲಿದಿದ್ದು. ಹಾಕ್ಕೊಂಡೋನು ಬುಡ್ಡಾ ಆಗ್ಬಿಟ್ಟಿದ್ದಾನೆ, ಹೊಲಿಗೆ ನೋಡಿ, ಇನ್ನೂ ಜವಾನ್" ಎಂದು ಕಣ್ಣು ಒರೆಸಿಕೊಂಡರು. ನಾವೂ ಒರೆಸಿಕೊಂಡೆವು.

ಹುಡುಗನದು ಬೇರೆ ರೀತಿ. ಕಾರಿನಲ್ಲಿ ಜನ ಮರೆತು ಹೋದ ವಸ್ತುಗಳನ್ನು, ವಾಪಸ್ ಕೊಡುವ ಮೊದಲು, ಸೀಟಿನ ಮೇಲೇ ಇಟ್ಟು ಒಂದು ಫೋಟೋ ತೆಗೆದುಕೊಳ್ಳುತ್ತಾನೆ. ಆ ಭಾನುವಾರ ತೋರಿಸಿದ್ದು ಮಗುವಿನ ಒಂದೇ ಒಂದು ಕೆಂಪು ಶೂ. ಅಷ್ಟು ದೊಡ್ಡ ಸೀಟಿನಲ್ಲಿ ಅಂಗೈಯಷ್ಟು ಶೂ, ಅದು ಬೀಳದಿರಲಿ ಎಂದು ಸೀಟ್ ಬೆಲ್ಟ್ ಬೇರೆ ಹಾಕಿದ್ದ. 

ಟೀಚರ್ ಮೆಲ್ಲಗೆ ಕೇಳಿದರು, "ತೆಗೆಯುವಾಗ ಹೇಗನಿಸ್ತು ಪಾ?"

ಹುಡುಗ ತುಂಬಾ ಹೊತ್ತು ಯೋಚಿಸಿದ. "ದೊಮ್ಮಲೂರು ಫ್ಲೈಓವರ್ ಕೆಳಗೆ ಜಾಮ್ ಇತ್ತು ಮೇಡಂ."

"ಅದಲ್ಲಪ್ಪ. ಮನಸ್ಸಿಗೆ?"

"ಮನಸ್ಸಿಗೂ ಜಾಮೇ ಇತ್ತು."

ಬಾಗಿಲಿಗಿಂತ ಕಡಿಮೆಯೇ?

ಇಷ್ಟು ಚೆನ್ನಾಗಿ ತೆಗೆಯುವವನದೇ ಒಂದು ಒಳ್ಳೆಯ ಫೋಟೋ ಇಲ್ಲ. ಕ್ಯಾಮೆರಾ ಅವನ ಕಡೆ ತಿರುಗಿತೆಂದರೆ ಸಾಕು, ಹುಬ್ಬು ಗಂಟಿಕ್ಕುತ್ತದೆ, ದವಡೆ ಬಿಗಿಯುತ್ತದೆ, ಯಾರನ್ನೋ ಹೊಡೆಯಲು ಹೊರಟವನಂತೆ ಕಾಣುತ್ತಾನೆ. ನಿಜದಲ್ಲಿ ಅವನು ರಸ್ತೆಗೆ ಅಡ್ಡ ಮಲಗಿದ ನಾಯಿಗೂ "ಸ್ವಲ್ಪ ಸರೀರಿ" ಎಂದು ಬಹುವಚನದಲ್ಲಿ ಹೇಳುವವನು.

ಇದು ನಗುವ ವಿಷಯವೇ. ಆದರೆ ಅವನಿಗೆ ಹೆಣ್ಣು ನೋಡುತ್ತಿದ್ದರು, ಅದಕ್ಕೇ ಪೂರ್ತಿ ನಗಲಾಗುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಮೊದಲು ಕೇಳುವುದೇ "ಹುಡುಗನ ಫೋಟೋ ಕಳಿಸಿ" ಎಂದು. ಕಳಿಸಿದ್ದಾಗಿತ್ತು. ಎರಡು ಮನೆಯವರು "ಹುಡುಗ ಭಾಳ ಸಿಟ್ಟಿನವ ಕಾಣ್ತಾನ" ಎಂದು ಹೇಳಿ ಸುಮ್ಮನಾಗಿದ್ದರು.

ಊರಿನಿಂದ ಅವನ ತಾಯಿ ನನಗೆ ಫೋನ್ ಮಾಡಿದರು. "ಏನವ್ವಾ, ನೀವೆಲ್ಲಾ ಸೇರಿ ಕಂಬದ್ದು ಫೋಟೋ ಹೊಡೀತೀರಿ, ಬಾಗಲದ್ದು ಫೋಟೋ ಹೊಡೀತೀರಿ. ನನ್ನ ಮಗ ಏನ್ ಬಾಗಲಕಿಂತ ಕಡಿಮಿ ಅದಾನೇನ?"

ಹೊಸದಾಗಿ ಒಂದು ಸಂಬಂಧ ಬಂದಿತ್ತು. ಹುಡುಗಿಯೂ ನಮ್ಮ ಕಡೆಯವಳೇ, ಕೆ.ಆರ್. ಪುರದಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. "ಇದೂ ಕೈ ಬಿಟ್ಟು ಹೋಯ್ತಂದ್ರ ಅವ ಇನ್ನ ಮದುವಿ ಸುದ್ದೀನೇ ಬ್ಯಾಡಂತಾನವ್ವಾ. ಒಂದ್ ಛಲೋ ಫೋಟೋ ಮಾಡ್ಕೊಡು" ಎಂದರು ಅವನ ತಾಯಿ.

ನಾನು ಹುಡುಗನನ್ನು ಕೂರಿಸಿ ಚಹಾ ಕೊಟ್ಟು ಧೈರ್ಯ ಹೇಳಿದೆ. ಅವನು ತಲೆ ತಗ್ಗಿಸಿ ಹೇಳಿದ, "ಅಕ್ಕಾ, ಆ ಎರಡೂ ಮನಿಯವ್ರು ನನ್ನ ನೋಡೇ ಇಲ್ಲ. ನೋಡಿ ಬ್ಯಾಡ ಅಂದಿದ್ರ ಬ್ಯಾರೆ ಮಾತಿತ್ತು."

ನಾನು ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ. ಅವನೇ ಚಹಾ ಮುಗಿಸಿ, ಲೋಟ ಕೆಳಗಿಟ್ಟು, "ಆದ್ರ ಖರೇ ಹೇಳ್ತೀನಕ್ಕಾ, ಆ ಫೋಟೋದಾಗಿನವಗ ನಾನಾದ್ರೂ ಹೆಣ್ಣು ಕೊಡ್ತಿರಲಿಲ್ಲ" ಎಂದ.

ನಕ್ಕೋ

ಮೊದಲ ಪ್ರಯತ್ನ ಸಾಹೇಬರ ಅಂಗಡಿಯಲ್ಲಿ. ಸಾಹೇಬರು ಅವನಿಗೆಂದೇ ತಿಳಿನೀಲಿ ಅಂಗಿ ಹೊಲಿದಿದ್ದರು. ಬಿಳಿ ಬಟ್ಟೆಯ ಥಾನು ಬಿಚ್ಚಿ ಹಿಂದೆ ಇಳಿಬಿಟ್ಟೆವು. ಕ್ಯಾಮೆರಾ ನನ್ನ ಕೈಯಲ್ಲಿತ್ತು. ಹುಡುಗ ಸ್ಟೂಲ್ ಮೇಲೆ ಕೂತ, ಹುಬ್ಬು ಗಂಟಿಕ್ಕಿತು.

ಟೀಚರ್ ಹೇಳಿದರು, "ನಾವ್ಯಾರೂ ನಿನ್ನ ನೋಡಲ್ಲ ಪಾ. ನಿಂಗೆ ಎಷ್ಟು ಬೇಕೋ ಅಷ್ಟು ನಕ್ಕೋ."

ಇಲ್ಲಿ ಒಂದು ವಿವರ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕನ್ನಡದಲ್ಲಿ ನಕ್ಕೋ ಎಂದರೆ ನಗು ಎಂದು. ಸಾಹೇಬರ ಮನೆಮಾತಿನಲ್ಲಿ ನಕ್ಕೋ ಎಂದರೆ ಬೇಡ ಎಂದು. ನಮ್ಮ ಹುಡುಗ ಕಲಬುರಗಿಯಲ್ಲಿ ಬೆಳೆದವನು, ಅವನಿಗೆ ಎರಡೂ ಗೊತ್ತು. ಎರಡೂ ಗೊತ್ತಿದ್ದದ್ದೇ ಕಷ್ಟವಾಯಿತು.

ಅವನು ನಗಲು ಬಾಯಿ ಬಿಡುವಷ್ಟರಲ್ಲಿ ಕೈ ತಾನಾಗಿ ಹೊಸ ಅಂಗಿಯ ಮೇಲಿನ ಗುಂಡಿಗೆ ಹೋಯಿತು. ಸಾಹೇಬರು ಗಾಬರಿಯಿಂದ, "ನಕ್ಕೋ ಬೇಟಾ, ನಕ್ಕೋ!" ಎಂದರು. ಗುಂಡಿ ಬಿಚ್ಚಬೇಡ ಎಂದು ಅವರ ಅರ್ಥ. ಹುಡುಗ ನಗಬೇಡ ಎಂದುಕೊಂಡು ಬಾಯಿ ಮುಚ್ಚಿದ.

"ಯಾಕ್ ಪಾ ಮುಚ್ಕೊಂಡೆ? ನಕ್ಕೋ!" ಟೀಚರ್.

ಹಲ್ಲು ಬಂತು. ಕೈ ಮತ್ತೆ ಗುಂಡಿಗೆ ಹೋಯಿತು.

"ನಕ್ಕೋ ನಕ್ಕೋ!" ಸಾಹೇಬರು.

ಹಲ್ಲು ಹೋಯಿತು.

"ನಕ್ಕೋ ಅಂದ್ನಲ್ಲಾ!" ಟೀಚರ್.

"ಅರೆ, ನಾನೂ ಅದೇ ಹೇಳ್ತಾ ಇದೀನಿ ಮೇಡಂ, ನಕ್ಕೋ!" ಸಾಹೇಬರು.

ಈ ಮಧ್ಯೆ ನಾನು ಒತ್ತಿಬಿಟ್ಟೆ. ಫೋಟೋದಲ್ಲಿ ಹುಡುಗನ ಮೇಲಿನ ತುಟಿ ಟೀಚರ್ ಮಾತು ಕೇಳಿತ್ತು, ಕೆಳಗಿನ ತುಟಿ ಸಾಹೇಬರ ಮಾತು ಕೇಳಿತ್ತು.

ಫೋಟೋ ತೆಗೀಬೇಕು

ಬೆಳಕು ಚೆನ್ನಾಗಿಲ್ಲದ್ದೇ ಕಾರಣ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಟೀಚರ್ ಮನೆಯ ಪಕ್ಕದಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಹಳೇ ಮನೆಯ ಹಾಲಿನಲ್ಲಿ ಎತ್ತರದ ಕಿಟಕಿ, ಒಳಗೆ ಬರುವ ಬೆಳಕು ಹಾಲಿನ ಕೆನೆಯಂತಿರುತ್ತದೆ. (ಮೊದಲನೆಯ ಹಾಲು ಕೂರುವ ಹಾಲು, ಎರಡನೆಯದು ಕುಡಿಯುವ ಹಾಲು.) ಟೀಚರ್ ಅಜ್ಜಿಗೆ ಹೇಳಿದ್ದರು, "ನಾಳೆ ನಮ್ಮವರು ಬರ್ತಾರೆ, ನಿಮ್ಮ ಹಾಲಲ್ಲಿ ಫೋಟೋ ತೆಗೀಬೇಕು."

ನಾವು ಹೋದಾಗ ಸೋಫಾಕ್ಕೆಲ್ಲ ಹಳೇ ಸೀರೆ ಹೊದಿಸಿತ್ತು. ಗೋಡೆಯ ಬುಡದಲ್ಲಿ ಒಂದು ಸ್ಟೂಲ್ ಸಿದ್ಧವಾಗಿತ್ತು. ಎಷ್ಟು ತಯಾರಿ ಮಾಡಿದ್ದಾರೆ ಎಂದು ನಮಗೆ ಸಂಕೋಚವಾಯಿತು. ಅಜ್ಜಿ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಒಳ್ಳೇ ಎತ್ತರ ಇದ್ದಾನೆ. ಇಂಥೋನೇ ಬೇಕಿತ್ತು" ಎಂದರು. ಮದುವೆ ವಿಷಯ ಇವರಿಗೂ ಗೊತ್ತಾಗಿದೆ ಎಂದು ಹುಡುಗ ನಾಚಿಕೊಂಡ.

"ಹತ್ತಪ್ಪ" ಎಂದರು ಅಜ್ಜಿ.

ಹುಡುಗ ಹತ್ತಿದ. ದೊಡ್ಡವರು ಹತ್ತು ಎಂದರೆ ಯಾಕೆ ಎಂದು ಕೇಳುವವನಲ್ಲ.

"ಹ್ಞೂಂ, ತೆಗಿ. ಹುಷಾರು. ನಮ್ಮತ್ತೆ. ಇದ್ದಾಗಲೂ ಭಾರ, ಈಗಲೂ ಭಾರ."

ಆಗ ತಲೆಯೆತ್ತಿ ನೋಡಿದೆವು. ಗೋಡೆಯ ಮೇಲೆ ಅತ್ತೆಯವರ ಆಳೆತ್ತರದ ಫೋಟೋ, ಗಂಧದ ಹಾರ. ಮನೆಗೆ ಸುಣ್ಣಬಣ್ಣ ಮಾಡಿಸುವವರಿದ್ದರು. ಅದನ್ನು ಕೆಳಗಿಳಿಸಲು ಎತ್ತರದವರೊಬ್ಬರು ಬೇಕೆಂದು ಅಜ್ಜಿ ಎಷ್ಟೋ ದಿನದಿಂದ ಕಾಯುತ್ತಿದ್ದರಂತೆ. ಫೋಟೋ ತೆಗೀಬೇಕು ಎಂದ ಕೂಡಲೇ ದೇವರೇ ಕಳಿಸಿದ ಎಂದುಕೊಂಡಿದ್ದಾರೆ.

ಹುಡುಗ ಆ ಭಾರದ ಅತ್ತೆಯನ್ನು ಎದೆಗವಚಿಕೊಂಡು ನಿಧಾನವಾಗಿ ಇಳಿದ. ಕೂದಲಿಗೆ ಜೇಡರಬಲೆ ಅಂಟಿತ್ತು. ಇಳಿದು, ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, ಆ ಮುಖವನ್ನೇ ಬಗ್ಗಿ ನೋಡಿದ. ಕಿಟಕಿಯ ಬೆಳಕು ಅವನ ಕೆನ್ನೆಯ ಮೇಲಿತ್ತು, ಹುಬ್ಬಿನಲ್ಲಿ ಒಂದು ಗಂಟೂ ಇರಲಿಲ್ಲ. ಸಾಹೇಬರು ಫೋನಿನಲ್ಲಿ ಟಕ್ಕೆಂದು ತೆಗೆದರು. ನಮಗೆಲ್ಲ ಎಷ್ಟು ಖುಷಿಯಾಯಿತೆಂದರೆ, ಹಿಂದೆ ಮುಂದೆ ನೋಡದೆ ಅಲ್ಲಿಂದಲೇ ಅವನ ತಾಯಿಗೆ ಕಳಿಸಿದೆವು.

ಕೂಡಲೇ ಫೋನ್ ಬಂತು. ಅಳುತ್ತಿದ್ದರು. "ಯಾರ್ ತೀರ್ಕೊಂಡ್ರವ್ವಾ? ನನಗ ಸುದ್ದೀನೇ ಇಲ್ಲಲ್ಲ!"

"ಯಾರೂ ತೀರ್ಕೊಂಡಿಲ್ಲ ಚಿಗವ್ವಾ" ಎಂದೆ. ಸುಳ್ಳು ಹೇಳಬಾರದೆಂದು, "ಅಂದ್ರ, ತೀರ್ಕೊಂಡಾರ. ಆದ್ರ ನಮ್ಮವರಲ್ಲ" ಎಂದೂ ಸೇರಿಸಿದೆ.

ಒಟಿಪಿ

ಸ್ಟೂಲ್ ಎಲ್ಲ ಬೇಡ, ಮನುಷ್ಯ ತನ್ನ ಜಾಗದಲ್ಲಿ ಕೂತಾಗಲೇ ಸಹಜವಾಗಿರುವುದು ಎಂದು ಟೀಚರ್ ತೀರ್ಮಾನಿಸಿದರು. ಅವನ ಜಾಗ ಯಾವುದು? ಕಾರು. ಇಂದಿರಾನಗರದ ಮರಗಳ ಕೆಳಗೆ ಕಾರು ನಿಲ್ಲಿಸಿ, ಅವನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಟೀಚರ್ ಕ್ಯಾಮೆರಾ ಹಿಡಿದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಬಾಗಿಲಿನ ಸದ್ದು ಕೇಳಿದ್ದೇ ತಡ, ಹುಡುಗ ಪೂರ್ತಿ ಸಹಜವಾಗಿಬಿಟ್ಟ. ಬೆಲ್ಟ್ ಹಾಕಿದ, ಕನ್ನಡಿ ಸರಿ ಮಾಡಿದ, ಕನ್ನಡಿಯೊಳಗಿಂದಲೇ ಟೀಚರನ್ನು ನೋಡಿ ಮರ್ಯಾದೆಯಿಂದ ಕೇಳಿದ, "ಒಟಿಪಿ ಹೇಳಿ ಮೇಡಂ."

ಟೀಚರ್ ಅದೇ ಕ್ಷಣ ತೆಗೆದರು. ತಮ್ಮ ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಫೋಟೋ ಅದು ಎಂದು ಈಗಲೂ ಹೇಳುತ್ತಾರೆ. ಸುತ್ತ ಕತ್ತಲೆ, ಚಿಕ್ಕ ಕನ್ನಡಿಯ ಪಟ್ಟಿಯಲ್ಲಿ ಎರಡೇ ಎರಡು ಕಣ್ಣು. ಎಂಥ ಕಣ್ಣು ಅಂತೀರಿ! ಯಾರನ್ನಾದರೂ ಸುರಕ್ಷಿತವಾಗಿ ಮನೆಗೆ ಮುಟ್ಟಿಸುತ್ತೇನೆ ಎಂದು ಹೇಳುವ ಕಣ್ಣು. ನಾನು ಹೆಮ್ಮೆಯಿಂದ ಊರಿಗೆ ಕಳಿಸಿದೆ.

ಅವನ ತಾಯಿ ಬಹಳ ಹೊತ್ತಿನ ಮೇಲೆ ಫೋನ್ ಮಾಡಿದರು. "ಕಣ್ಣು ಛಲೋ ಬಂದಾವವ್ವಾ. ಉಳದ ಮಗನ್ನ ಯಾವಾಗ ಕಳಸ್ತೀರಿ?"

ಎಡಗಡೆಯಿಂದ ಎರಡನೆಯವನು

ಅಷ್ಟರಲ್ಲಿ ಗಡುವು ಬಂತು. ಭಾನುವಾರ ನಾವು ಹೋಟೆಲಿನಿಂದ ಇಳಿಯುತ್ತಿದ್ದಾಗ ಅವನ ತಾಯಿಯ ಫೋನ್: "ಹುಡುಗಿ ಅಣ್ಣ ಕೇಳ್ಲಾಕತ್ತಾನ. ಇವತ್ತ ಫೋಟೋ ಬರ್ಲಿಲ್ಲಂದ್ರ ಅವ್ರು ಬ್ಯಾರೆ ಕಡಿ ಮಾತಾಡ್ತಾರಂತ." ಅಣ್ಣನ ನಂಬರನ್ನೂ ಕೊಟ್ಟರು.

ಸ್ವಲ್ಪ ಹೊತ್ತಿಗೆ ಮೊದಲು, ಚಹಾ ಕುಡಿಯುವಾಗ, ನಾನು ಕೈ ಮುಂದೆ ಚಾಚಿ ನಾಲ್ವರದೂ ಒಂದು ಸೆಲ್ಫಿ ತೆಗೆದಿದ್ದೆ. ಬೇರೇನೂ ಇರಲಿಲ್ಲ. ಹೆಚ್ಚು ನೋಡದೆ ಅದನ್ನೇ ಕಳಿಸಿ, ಕೆಳಗೆ ಬರೆದೆ: "ಎಡಗಡೆಯಿಂದ ಎರಡನೆಯವನು ಹುಡುಗ."

ನನ್ನ ಫೋನಿನ ಗುಣ ನಿಮಗೆ ಹೇಳಬೇಕು. ಸೆಲ್ಫಿ ತೆಗೆಯುವಾಗ ನಾವು ಪರದೆಯಲ್ಲಿ ಕನ್ನಡಿಯೊಳಗೆ ಕಂಡ ಹಾಗೆ ಕಾಣುತ್ತೇವೆ. ತೆಗೆದ ಮೇಲೆ ಅದು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ತಿರುಗಿಕೊಳ್ಳುತ್ತದೆ. ತೆಗೆಯುವಾಗ ಕಂಡದ್ದನ್ನು ನೆನಪಿಟ್ಟುಕೊಂಡು ನಾನು ಬರೆದೆ. ಅವರ ಕೈಗೆ ಹೋದದ್ದು ತಿರುಗಿದ್ದು. ಅದರಲ್ಲಿ ಎಡಗಡೆಯಿಂದ ಎರಡನೆಯವರು ನಮ್ಮ ಸಾಹೇಬರು.

ಹುಡುಗಿಯ ಅಣ್ಣ ಫೋನ್ ಮಾಡಿದ. "ಅಕ್ಕಾರ, ಹುಡುಗನ ವಯಸ್ಸು ಎಷ್ಟಂದ್ರಿ?"

"ಮೂವತ್ತೊಂದ್ರೀ. ಆದ್ರ ನೋಡ್ಲಿಕ್ಕೆ ಇನ್ನೂ ಸಣ್ಣಾವನ ಹಂಗ ಕಾಣ್ತಾನ, ಹೌದಿಲ್ರೀ?"

ಅವನು ತಡವರಿಸಿದ. "ಗಡ್ಡ..."

"ಅಯ್ಯ, ಅದೇನ್ರೀ, ತಗಸ್ತೀವಿ. ಹೆಂಗ ಬಿಟ್ಟಾನಂದ್ರ, ಕೆಲಸದ ಗಡಿಬಿಡಿ."

"ಗಡ್ಡ ಬೆಳ್ಳಗದಲ್ರೀ."

"ಬಿಸಿಲಿಗೆ ಹಂಗ ಕಾಣ್ತದ್ರೀ" ಎಂದೆ. ನಾನು ಏನು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇವ್ರಿಗಿ ಇದು ಎಷ್ಟನೇ ಮದುವಿ?"

ಆಗ ನಾನು ಫೋಟೋ ತೆರೆದು ನೋಡಿದೆ.  ಎರಡು ಸಂಬಂಧ ಅವನ ಮುಖದಿಂದ ತಪ್ಪಿದ್ದರೆ, ಮೂರನೆಯದು ನನ್ನ ಕೈಯಿಂದ ತಪ್ಪಿತು ಎಂದುಕೊಂಡೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು: "ಅಣ್ಣಾ, ಇಲ್ಲಿ ಕೊಡು." ಹುಡುಗಿ ಫೋನ್ ತೆಗೆದುಕೊಂಡಿದ್ದಳು.

"ಅಕ್ಕಾರ, ಆ ಅಜ್ಜಾರು ಇರ್ಲಿ. ಅವರ ಬಾಜೂಕ ಒಬ್ರು ಕ್ಯಾಮೆರಾ ಕಡಿ ನೋಡ್ಲಾರದೇ, ಅಜ್ಜಾರ ಅಂಗಿ ಗುಂಡಿ ಹಾಕ್ಲಾಕತ್ತಾರಲ್ಲ, ಅವ್ರ ಯಾರು?"

ಮತ್ತೆ ಫೋಟೋ ನೋಡಿದೆ. ಹೌದು. ಸಾಹೇಬರ ಕುತ್ತಿಗೆಯ ಗುಂಡಿ ಬಿಚ್ಚಿಕೊಂಡಿತ್ತು. ನಾವು ಮೂವರೂ ಫೋನಿನ ಕಡೆ ಹಲ್ಲು ಬಿಡುತ್ತಿದ್ದೆವು. ಹುಡುಗ ಮಾತ್ರ ಅತ್ತ ತಿರುಗಿ, ಎರಡು ಕೈಯಿಂದ ಆ ಗುಂಡಿ ಹಾಕುತ್ತಿದ್ದ. ಅರ್ಧ ಮುಖವೇ ಕಾಣುತ್ತಿತ್ತು. ಅದರಲ್ಲೂ ಮಸುಕು.

"ಅವನೇ ನಮ್ಮ ಹುಡುಗವ್ವಾ" ಎಂದೆ. "ಫೋಟೋ ಸರಿ ಬಂದಿಲ್ಲ. ಮುಖ ಸರಿ ಕಾಣಂಗಿಲ್ಲ."

"ದಿನಾ ಡಾಕ್ಟರ್ ಅಕ್ಷರ ಓದ್ತೀನ್ರೀ ಅಕ್ಕಾರ, ನನಗ ಕಾಣ್ತದ" ಎಂದಳು ಹುಡುಗಿ. "ಬರ್ಲಿಕ್ಕೆ ಹೇಳ್ರಿ."

ಇನ್ನೂ ಛಲೋ

ಹೋದದ್ದು ನಾಲ್ವರೂ. ಸಾಹೇಬರನ್ನು ಬೇಡವೆಂದರೂ ಕೇಳಲಿಲ್ಲ. "ನನ್ನಿಂದ ಗಡಬಡ್ ಆಗಿದ್ದು, ನಾನೇ ಬಂದು ಮಾಫಿ ಕೇಳ್ತೀನಿ" ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲೇ ಕಾರಿನಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಹುಡುಗನ ದವಡೆ ಬಿಗಿದಿತ್ತು. ಫೋಟೋದಲ್ಲಿ ಬರುತ್ತಿದ್ದ ಅದೇ ಮುಖ. ದೇವರೇ, ಈ ಮುಖ ಹೊತ್ತು ಒಳಗೆ ಹೋದರೆ ಮುಗಿಯಿತು ಎಂದು ನನಗೆ ಭಯ.

ಕೆ.ಆರ್. ಪುರದ ಆ ಚಿಕ್ಕ ಕೋಣೆಯಲ್ಲಿ ಚಾಪೆ ಹಾಸಿದ್ದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹುಡುಗ ಕಂಬದಂತೆ ಕೂತ. ಅಷ್ಟರಲ್ಲಿ ಹುಡುಗಿಯ ಅಜ್ಜಿ ಬಂದರು. ಅವರಿಗೆ ಕಿವಿ ಮಂದ. ಮೊಬೈಲಿನಲ್ಲಿ ಫೋಟೋ ತೋರಿಸಿ, ಎಡಗಡೆಯಿಂದ ಎರಡನೆಯವನು ಎಂದು ಬೆರಳಿಟ್ಟು ಹೇಳಿದ್ದರಂತೆ. ಆಮೇಲೆ ಆದದ್ದನ್ನು ಹೇಳಲು ಎಲ್ಲರೂ ಮರೆತಿದ್ದರು.

ಅಜ್ಜಿ ನೇರವಾಗಿ ಸಾಹೇಬರ ಎದುರು ಕೂತರು. ಗಡ್ಡ ನೋಡಿದರು. ಕೈ ನೋಡಿದರು. ನಿಟ್ಟುಸಿರು ಬಿಟ್ಟು ಮೊಮ್ಮಗನಿಗೆ ಹೇಳಿದರು, "ಹುಡುಗ ಸಾಧು ಕಾಣ್ತಾನ. ವಯಸ್ಸ ಒಂಚೂರು ಜಾಸ್ತಿ ಆಯ್ತು."

ಸಾಹೇಬರು ಬೆವೆತುಹೋದರು. "ಅಮ್ಮಾ, ನಾನು ಹುಡುಗ ಅಲ್ಲ ಅಮ್ಮಾ! ನಾನು ಟೈಲರ್! ಹುಡುಗನ ಅಂಗಿ ಹೊಲಿದೋನು! ಹೊಲಿಗೆ, ಹೊಲಿಗೆ!" ಎಂದು ಕೈಯಲ್ಲಿ ಸೂಜಿ ಆಡಿಸಿ ತೋರಿಸಿದರು.

ಅಜ್ಜಿಗೆ ಕೊನೆಯ ಮಾತು ಕೇಳಿಸಿತು. ಮುಖ ಅರಳಿತು. "ಹೊಲಿಗಿ ಬರ್ತದೇನ? ಹಂಗಾರ ಇನ್ನೂ ಛಲೋ ಆಯ್ತಲ್ಲ. ಕುಬಸ ಹೊಲಿಸೋ ಚಿಂತಿ ಇಲ್ಲ."

ಮೊದಲು ನಕ್ಕವನು ನಮ್ಮ ಹುಡುಗ. ಅವನು ಹಾಗೆ ನಗುವುದನ್ನು ನಾನು ಕಂಡೇ ಇರಲಿಲ್ಲ. ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವಂತೆ, ಒಂದು ಕೈಯಿಂದ ಸಾಹೇಬರ ತೊಡೆ ಹಿಡಿದುಕೊಂಡು ನಕ್ಕ. ಹುಡುಗಿ ಬಾಗಿಲಿನಿಂದ ಅದನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೂ ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಅಣ್ಣನ ಕಡೆ ತಿರುಗಿ ಒಂದೇ ಒಂದು ಸಲ ತಲೆಯಾಡಿಸಿದಳು. ಟೀಚರ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹೇಗನಿಸಿತು ಎಂದು ಯಾರಾದರೂ ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.

ಹೊರಗೆ ಬಂದು ಊರಿಗೆ ಫೋನ್ ಹಚ್ಚಿದೆ. ಒಪ್ಪಿದರು ಎಂದು ಕೇಳಿ ಅವನ ತಾಯಿ ಸ್ವಲ್ಪ ಹೊತ್ತು ಬರೀ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ನಗ್ಲಿಕ್ಕತ್ತಿದ್ನೇನವ್ವಾ ನನ್ ಮಗ? ಹುಡುಗೀನೂ ನಗ್ಲಿಕ್ಕತ್ತಿದ್ಲೇನ? ಇಬ್ಬರ್ದೂ ಫೋಟೋ ಕಳ್ಸು, ನೋಡ್ತೀನಿ" ಎಂದರು.

ನಾನು ಟೀಚರ್ ಮುಖ ನೋಡಿದೆ. ಟೀಚರ್ ಸಾಹೇಬರ ಮುಖ ನೋಡಿದರು. ಸಾಹೇಬರು ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಕ್ಯಾಮೆರಾ ನೋಡಿಕೊಂಡರು. ಅದರ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಫೋಟೋ... ಯಾರೂ ತಗೀಲಿಲ್ಲ ಚಿಗವ್ವಾ" ಎಂದೆ.

 ಅವರು ಬಹಳ ಶಾಂತವಾಗಿ ಹೇಳಿದರು, "ಆಯ್ತವ್ವಾ. ನೀವ್ ಮೂರೂ ಮಂದಿ ಮದುವಿಗಿ ಬಂದು ಉಂಡು ಹೋಗ್ರಿ. ಫೋಟೋ ಹೊಡೀಲಿಕ್ಕೆ ಮಾತ್ರ ಯಾರರೇ ಕೆಲಸ ಬರಾವ್ರನ್ನ ಕರಸ್ತೀನಿ."